ದೇವರ ಮಾತಿಲ್ಲದ ಬಾರ್ ಮಿಟ್ಸ್ವಾ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರುವ ವಿಷಯವೇ. ಮಕ್ಕಳು ಏಳನೇ ಕ್ಲಾಸಿಗೆ ಬಂದರು ಅಂದರೆ ಜೊತೆಯಲ್ಲಿ ಓದುವ ಯಹೂದಿ ಮಕ್ಕಳ ಬಾರ್ ಮಿಟ್ಸ್ವಾ ಕರೆಯೋಲೆಗಳು ಮನೆಗೆ ಬರತೊಡಗುತ್ತವೆ. ಅವುಗಳಲ್ಲಿ ಒಂದೊಂದು ಬೇರೆ ಥರ ಇರುತ್ತದೆ. ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಹೆಸರಿಲ್ಲ, ಪ್ರಾರ್ಥನೆಯ ಮಾತಿಲ್ಲ, ಯಾವುದೋ ಹಾಲ್‌ನ ವಿಳಾಸ, ಪಕ್ಕದಲ್ಲಿ ‘ಸೆಕ್ಯುಲರ್’ (ಧರ್ಮದ ಹಂಗಿಲ್ಲದ) ಅಥವಾ ‘ಹ್ಯೂಮನಿಸ್ಟಿಕ್’ (ಮಾನವತಾವಾದಿ) ಅಂತ ಒಂದು ಪದ. ಹೋಗಿ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ, ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಆ ದಿನದ ಸಮಾರಂಭಕ್ಕಿಂತ ಅದಕ್ಕೆ ಮುಂಚೆ ನಡೆಯುವ ಪಾಠದಲ್ಲಿ ನನಗೆ ಆಸಕ್ತಿ ಜಾಸ್ತಿ. ಉತ್ತರಗಳೂ ಆ ಕಡೆಗೇ ವಾಲಿವೆ.

ಮೊದಲು ಇದನ್ನು ಹೇಳಿ, ಮಾಮೂಲಿ ಬಾರ್ ಮಿಟ್ಸ್ವಾ ಅಂದರೆ ಏನು?

ಯಹೂದಿ ಸಂಪ್ರದಾಯದಲ್ಲಿ ಹುಡುಗನಿಗೆ 13 ತುಂಬಿದರೆ ಧರ್ಮದ ಕಟ್ಟಳೆಗಳಿಗೆ ಅವನೇ ಹೊಣೆ. ಅಲ್ಲಿಯವರೆಗೆ ಅಪ್ಪ ಹೊಣೆ. ಹುಡುಗಿಯರಿಗೆ ಸಂಪ್ರದಾಯಸ್ಥರಲ್ಲಿ 12 ವರ್ಷ, ಅವರದು ಬ್ಯಾಟ್ ಮಿಟ್ಸ್ವಾ. 13 ವರ್ಷದ ಲೆಕ್ಕ ಯಹೂದಿ ಕಟ್ಟಳೆಗಳ ಹಳೇ ಸಂಗ್ರಹವಾದ ಮಿಶ್ನಾ ಗ್ರಂಥದಲ್ಲೇ ಬರುತ್ತದೆ, ಅಂದರೆ ಸುಮಾರು 1800 ವರ್ಷ ಹಳೆಯದು. ಆದರೆ ನಾವು ಇವತ್ತು ನೋಡುವ ಸಮಾರಂಭ ಅಷ್ಟು ಹಳೆಯದಲ್ಲ, ಯುರೋಪಿನ ಯಹೂದಿಗಳಲ್ಲಿ ಮಧ್ಯಯುಗದಲ್ಲಿ ರೂಢಿಗೆ ಬಂದದ್ದು. ಮಗು ಸಿನಗಾಗ್‌ನಲ್ಲಿ ಎಲ್ಲರ ಮುಂದೆ ಯಹೂದಿಗಳ ಪವಿತ್ರ ಗ್ರಂಥ ತೋರಾದ ಆ ವಾರದ ಭಾಗವನ್ನು ಹೀಬ್ರೂನಲ್ಲಿ ರಾಗವಾಗಿ ಓದುತ್ತದೆ, ಅದರ ಬಗ್ಗೆ ನಾಲ್ಕು ಮಾತಾಡುತ್ತದೆ, ಆಮೇಲೆ ಊಟ, ಕುಣಿತ. ಒಂದು ವಿಷಯ ಗೊತ್ತಿರಲಿ. ಸಮಾರಂಭ ಮಾಡದಿದ್ದರೂ ಧರ್ಮದ ಪ್ರಕಾರ 13 ತುಂಬಿದ ಹುಡುಗ ಬಾರ್ ಮಿಟ್ಸ್ವಾನೇ, ಅಂದರೆ ಕಟ್ಟಳೆಗೆ ಹೊಣೆಯಾದವನೇ.

ದೇವರನ್ನೇ ನಂಬದವರಿಗೆ ಇದೆಲ್ಲಾ ಯಾಕೆ ಬೇಕು?

ಎಲ್ಲರೂ ಮೊದಲು ಕೇಳುವುದೇ ಇದನ್ನು. ಇದರ ಹಿಂದೆ ಇನ್ನೊಂದು ಪ್ರಶ್ನೆ ಇದೆ, ನಂಬಿಕೆ ಹೋದ ಮೇಲೂ ಒಬ್ಬರು ಯಹೂದಿಯಾಗಿ ಹೇಗೆ ಉಳಿಯುತ್ತಾರೆ ಅಂತ. ಉಳಿಯುತ್ತಾರೆ, ಬೇಕಾದಷ್ಟು ಜನ. ಪ್ಯೂ ಅನ್ನುವ ಅಮೆರಿಕದ ಸಂಶೋಧನಾ ಸಂಸ್ಥೆ 2020ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕ ಯಹೂದಿಗಳಲ್ಲಿ ಶೇ. 27ರಷ್ಟು ಜನ ‘ನಮಗೆ ಧರ್ಮ ಇಲ್ಲ, ಆದರೆ ನಾವು ಯಹೂದಿಗಳೇ’ ಅನ್ನುವ ಗುಂಪಿಗೆ ಸೇರಿದ್ದರು. 30ಕ್ಕಿಂತ ಚಿಕ್ಕವರಲ್ಲಿ ಅದು ಶೇ. 40. ಅವರಿಗೆ ಯಹೂದಿತನ ಅಂದರೆ ಒಂದು ಜನರ ಚರಿತ್ರೆ, ಭಾಷೆಗಳು, ಅಡುಗೆ, ಹಾಡು, ಜಗಳ, ನಗೆ, ಓಡಿಹೋದ ಊರುಗಳು, ಬಂದು ಸೇರಿದ ಊರುಗಳು. ಇದನ್ನು ಮಕ್ಕಳಿಗೆ ದಾಟಿಸಬೇಕು ಅನ್ನಿಸುತ್ತದೆ. ಆದರೆ ದಾಟಿಸುವ ನೆಪದಲ್ಲಿ ಮಗುವಿನ ಬಾಯಲ್ಲಿ ಅದು ನಂಬದ ಮಾತನ್ನು ಹೇಳಿಸಲು ಮನಸ್ಸಿಲ್ಲ.

ಈ ಕೊನೆಯ ಮಾತೇ ಇಡೀ ವಿಷಯದ ತಿರುಳು. ಮನೆಯಲ್ಲಿ ಯಾರೂ ಪ್ರಾರ್ಥನೆ ಮಾಡದಿದ್ದರೂ ಅಜ್ಜಿಯ ಸಮಾಧಾನಕ್ಕೆ ಮಗುವಿಗೆ ಅರ್ಥವಾಗದ ಹೀಬ್ರೂ ಬಾಯಿಪಾಠ ಮಾಡಿಸಿ ವೇದಿಕೆ ಹತ್ತಿಸುವ ಮನೆಗಳು ಬಹಳ ಇವೆ. ಸೆಕ್ಯುಲರ್ ಕಡೆಯವರು ಕೇಳುವುದು ಇಷ್ಟೇ: ದೊಡ್ಡವನಾದೆ ಅಂತ ಹೇಳುವ ದಿನವೇ ಮಗು ನಾಟಕ ಮಾಡಬೇಕಾ?

ಇದು ಈಚೆಗೆ ಬಂದ ಫ್ಯಾಷನ್ ಅಲ್ವಾ?

ಅಲ್ಲ. ಇದರ ಬೇರು ಪೂರ್ವ ಯುರೋಪಿನಲ್ಲಿದೆ. 1897ರಲ್ಲಿ ವಿಲ್ನಾದಲ್ಲಿ (ಇವತ್ತಿನ ಲಿಥುವೇನಿಯಾದ ವಿಲ್ನಿಯಸ್) ಬುಂಡ್ ಅನ್ನುವ ಯಹೂದಿ ಕಾರ್ಮಿಕರ ಪಕ್ಷ ಹುಟ್ಟಿತು. ಸಮಾಜವಾದ, ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್ ಭಾಷೆ, ಧರ್ಮದ ಹಿಡಿತದಿಂದ ಬಿಡುಗಡೆ, ಇವು ಅವರ ಮಂತ್ರ. 1880ರ ದಶಕದಿಂದ 1924ರಲ್ಲಿ ಅಮೆರಿಕ ತನ್ನ ಬಾಗಿಲು ಹೆಚ್ಚುಕಮ್ಮಿ ಮುಚ್ಚುವವರೆಗೆ ಪೂರ್ವ ಯುರೋಪಿನಿಂದ 20 ಲಕ್ಷಕ್ಕೂ ಹೆಚ್ಚು ಯಹೂದಿಗಳು ಅಲ್ಲಿಗೆ ಬಂದರು. ಅವರ ಜೊತೆ ಈ ವಿಚಾರವೂ ಹಡಗು ಹತ್ತಿ ಬಂತು. ನ್ಯೂಯಾರ್ಕಿನಲ್ಲಿ 1892ರಲ್ಲಿ ಶುರುವಾದ ವರ್ಕ್‌ಮೆನ್ಸ್ ಸರ್ಕಲ್ ಮೊದಲಿಗೆ ಕಾಯಿಲೆ, ಸಾವು ಅಂತ ಬಂದಾಗ ಕಾರ್ಮಿಕರು ಒಬ್ಬರಿಗೊಬ್ಬರು ಆಗುವ ಸಂಘವಾಗಿತ್ತು. ಆಮೇಲೆ ಅವರು, ಅವರಂಥ ಇನ್ನೂ ಕೆಲವು ಸಂಘಗಳು, ಮಕ್ಕಳಿಗೆ ‘ಶುಲೆ’ ತೆರೆದವು. ಶುಲೆ ಅಂದರೆ ಸಾಮಾನ್ಯ ಶಾಲೆ ಬಿಟ್ಟ ಮೇಲೆ ಅಥವಾ ರಜೆಯ ದಿನ ಯಿಡ್ಡಿಷ್ ಭಾಷೆ, ಕಥೆ, ಚರಿತ್ರೆ ಕಲಿಸುವ ಜಾಗ. ಪ್ರಾರ್ಥನೆ ಕಲಿಸುತ್ತಿರಲಿಲ್ಲ. ಹಳೇ ಶುಲೆಗಳ ಕಟ್ಟಾ ಎಡಪಂಥೀಯರಿಗೆ ಬಾರ್ ಮಿಟ್ಸ್ವಾ ಅನ್ನುವ ಮಾತೇ ಆಗಿಬರುತ್ತಿರಲಿಲ್ಲ. ಅವರ ಮೊಮ್ಮಕ್ಕಳು ಅದನ್ನು ತಮ್ಮ ಥರ ತಿದ್ದಿಕೊಂಡು ವಾಪಸ್ ತಂದರು, ನೋಡಿ.

ಇನ್ನೊಂದು ಬೇರು ಮಿಷಿಗನ್‌ನಲ್ಲಿದೆ. ಶೆರ್ವಿನ್ ವೈನ್ ಅನ್ನುವ ರಬ್ಬಿ (ಯಹೂದಿ ಧರ್ಮಗುರು) 1963ರಲ್ಲಿ ಡೆಟ್ರಾಯಿಟ್ ಹತ್ತಿರ ಎಂಟು ಕುಟುಂಬಗಳನ್ನು ಸೇರಿಸಿಕೊಂಡು ಬರ್ಮಿಂಗ್‌ಹ್ಯಾಮ್ ಟೆಂಪಲ್ ಶುರು ಮಾಡಿದರು. ಸ್ವಲ್ಪ ದಿನದಲ್ಲೇ ಪ್ರಾರ್ಥನೆಗಳಿಂದ ದೇವರ ಹೆಸರನ್ನು ತೆಗೆದರು. ದೊಡ್ಡ ಗಲಾಟೆಯಾಯಿತು, 1965ರಲ್ಲಿ ಟೈಮ್ ಪತ್ರಿಕೆ ‘ನಾಸ್ತಿಕ ರಬ್ಬಿ’ ಅಂತ ಬರೆಯಿತು. ಅವರು ಕಟ್ಟಡ ಕಟ್ಟಿದಾಗ ತೋರಾ ಸುರುಳಿಯನ್ನು ಪೂಜೆಯ ಜಾಗದಲ್ಲಿ ಇಡದೆ ಗ್ರಂಥಾಲಯದಲ್ಲಿ ಇಟ್ಟರು. ಓದುವ ಪುಸ್ತಕ ಇರಬೇಕಾದ ಜಾಗ ಅದೇ ತಾನೇ! 1969ರಲ್ಲಿ ಸೊಸೈಟಿ ಫಾರ್ ಹ್ಯೂಮನಿಸ್ಟಿಕ್ ಜುಡಾಯಿಸಂ ಹುಟ್ಟಿತು. ಮರುವರ್ಷ ಶುಲೆಗಳ ಕಡೆಯವರು ತಮ್ಮದೇ ಒಕ್ಕೂಟ ಮಾಡಿಕೊಂಡರು. ಇವತ್ತಿನ ಸೆಕ್ಯುಲರ್ ಬಾರ್ ಮಿಟ್ಸ್ವಾ ಪಾಠ ಈ ಎರಡು ಕಡೆಯಿಂದಲೂ ಬಂದದ್ದು. ಒಂದು ಕಡೆ ರಬ್ಬಿ ಇರುತ್ತಾರೆ, ಇನ್ನೊಂದು ಕಡೆ ಬರೀ ಮೇಷ್ಟ್ರು ಮತ್ತು ಪೋಷಕರು.

ಪಾಠದಲ್ಲಿ ಏನೇನು ಕಲಿಸುತ್ತಾರೆ?

ಸಾಮಾನ್ಯವಾಗಿ ಭಾನುವಾರ ಬೆಳಿಗ್ಗೆ ಕ್ಲಾಸು. ನಮ್ಮವರ ವಾರಾಂತ್ಯದ ಕನ್ನಡ ಶಾಲೆ ನೋಡಿದವರಿಗೆ ಆ ವಾತಾವರಣ ಹೊಸದೇನಲ್ಲ. ನಿದ್ದೆಗಣ್ಣಿನ ಮಕ್ಕಳು, ಕಾಫಿ ಕಪ್ ಹಿಡಿದು ಕಾರಿಡಾರಿನಲ್ಲಿ ನಿಂತ ಅಪ್ಪ ಅಮ್ಮಂದಿರು, ಇದ್ದಬದ್ದ ಬಿಡುವಿನಲ್ಲಿ ಪಾಠ ತಯಾರಿಸಿಕೊಂಡು ಬಂದ ಮೇಷ್ಟ್ರು.

ಚಿಕ್ಕ ಮಕ್ಕಳಿಗೆ ಹಬ್ಬಗಳು, ಹಾಡು, ಅಡುಗೆ, ಕಥೆ. ಹಬ್ಬದ ಪಾಠವೇ ಸ್ವಲ್ಪ ಬೇರೆ. ಪಾಸೋವರ್ ಬಂದರೆ ಈಜಿಪ್ಟಿನಿಂದ ಬಿಡುಗಡೆಯಾದ ಕಥೆ ಹೇಳುತ್ತಾರೆ, ಆದರೆ ಕಥೆ ಅಂತಲೇ ಹೇಳುತ್ತಾರೆ. ಅದು ನಡೆದಿತ್ತು ಅನ್ನುವುದಕ್ಕೆ ಪುರಾತತ್ವದ ಆಧಾರ ಸಿಕ್ಕಿಲ್ಲ, ಆದರೂ ಸಾವಿರಾರು ವರ್ಷ ಜನ ಇದನ್ನು ಯಾಕೆ ಹೇಳಿಕೊಂಡು ಬಂದರು ಅಂತ ಮಕ್ಕಳನ್ನೇ ಕೇಳುತ್ತಾರೆ. ಹತ್ತು ವರ್ಷದ ಮಕ್ಕಳು ಈ ಪ್ರಶ್ನೆಗೆ ಕೊಡುವ ಉತ್ತರಗಳು ಎಷ್ಟೋ ಸಲ ದೊಡ್ಡವರದ್ದಕ್ಕಿಂತ ಚೆನ್ನಾಗಿರುತ್ತವೆ.

11, 12 ವರ್ಷಕ್ಕೆ ಬಂದ ಮೇಲೆ ಚರಿತ್ರೆ ಗಟ್ಟಿಯಾಗುತ್ತದೆ. ನಾನು ನೋಡಿದ ಪಾಠಗಳಲ್ಲಿ ಮಕ್ಕಳನ್ನು ಜಾಸ್ತಿ ಹಿಡಿದಿಡುವುದು ವಲಸೆ ಮತ್ತು ಕಾರ್ಮಿಕರ ಕಥೆ. ನ್ಯೂಯಾರ್ಕ್ ಸುತ್ತಮುತ್ತಲಿನ ಮಕ್ಕಳನ್ನು ಆ ಕಾಲದ ವಲಸಿಗರು ಬಂದು ನೆಲೆಸಿದ ಬಡಾವಣೆ ಲೋಯರ್ ಈಸ್ಟ್ ಸೈಡ್‌ಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಆರ್ಚರ್ಡ್ ಬೀದಿಯ 97ನೇ ನಂಬರಿನ ಹಳೇ ವಠಾರ ಈಗ ಮ್ಯೂಸಿಯಂ ಆಗಿದೆ. ಒಂದೇ ಕುಟುಂಬ ಪುಟ್ಟ ಕೋಣೆಗಳಲ್ಲಿ ಮಲಗಿ, ಅಡುಗೆ ಮಾಡಿ, ಅಲ್ಲೇ ಬಟ್ಟೆ ಹೊಲಿದದ್ದನ್ನು ಕಣ್ಣಾರೆ ನೋಡಬಹುದು. ಆಮೇಲೆ ಅದೇ ನ್ಯೂಯಾರ್ಕಿನಲ್ಲಿ ಬಟ್ಟೆ ಹೊಲಿಯುತ್ತಿದ್ದ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಯ ಬೆಂಕಿ. 1911ರ ಮಾರ್ಚ್ 25ರಂದು 146 ಜನ ಸತ್ತರು, ಹೆಚ್ಚಿನವರು ಯಹೂದಿ ಮತ್ತು ಇಟಾಲಿಯನ್ ವಲಸಿಗ ಹುಡುಗಿಯರು. ಒಂದು ಬಾಗಿಲಿಗೆ ಬೀಗ ಹಾಕಿತ್ತು. ಸತ್ತವರಲ್ಲಿ 14 ವರ್ಷದವರೂ ಇದ್ದರು ಅಂತ ಹೇಳಿದ ತಕ್ಷಣ 12, 13ರ ಮಕ್ಕಳ ಕ್ಲಾಸು ತಣ್ಣಗಾಗುತ್ತದೆ. ಈಗಲೂ ಪ್ರತಿ ವರ್ಷ ಆ ದಿನ, ಸತ್ತವರು ವಾಸವಿದ್ದ ಮನೆಗಳ ಮುಂದಿನ ಫುಟ್‌ಪಾತಿನ ಮೇಲೆ ಅವರ ಹೆಸರು, ವಯಸ್ಸನ್ನು ಸೀಮೆಸುಣ್ಣದಲ್ಲಿ ಬರೆಯುವವರಿದ್ದಾರೆ.

ಇದರ ಜೊತೆ ನೀತಿಯ ಚರ್ಚೆ ಇರುತ್ತದೆ, ದಾನ, ನ್ಯಾಯ, ನೆರೆಯವರು, ಸುಳ್ಳು. ಯಹೂದಿಗಳೊಳಗೇ ಎದುರು ನಿಂತವರ ಕಥೆಯೂ ಬರುತ್ತದೆ. 1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯ ಮುಂದೆ ದೊಡ್ಡ ತತ್ವಜ್ಞಾನಿಯಾದ 23 ವರ್ಷದ ಸ್ಪಿನೋಜಾನಿಗೆ ಬಹಿಷ್ಕಾರ ಹಾಕಿತು. ಇಂಥ ಕ್ಲಾಸುಗಳಲ್ಲಿ ಅವನು ಹೀರೋ.

‘ದೊಡ್ಡ ಪ್ರಾಜೆಕ್ಟ್’ ಅಂತಾರಲ್ಲ, ಅದೇನು?

ತೋರಾ ಓದುವುದರ ಬದಲಿಗೆ ಇದು. ಕೊನೆಯ ಒಂದು, ಒಂದೂವರೆ ವರ್ಷ ಮಗು ತಾನೇ ಆರಿಸಿಕೊಂಡ ಒಂದು ವಿಷಯದ ಮೇಲೆ ಕೂತು ಕೆಲಸ ಮಾಡುತ್ತದೆ. ಓದಬೇಕು, ಜನರನ್ನು ಮಾತಾಡಿಸಬೇಕು, ಬರೆಯಬೇಕು, ತಿದ್ದಬೇಕು, ಕೊನೆಗೆ ಎಲ್ಲರೆದುರು ನಿಂತು ಹೇಳಬೇಕು. ವೈನ್ ಅವರ ಪರಂಪರೆಯಲ್ಲಿ ಮಗು ತನಗೆ ಮಾದರಿ ಅನ್ನಿಸಿದ ಒಬ್ಬ ಯಹೂದಿ ವ್ಯಕ್ತಿಯನ್ನು ಆರಿಸಿಕೊಳ್ಳುವುದು ರೂಢಿ. ಐನ್‌ಸ್ಟೈನ್ ಅಂತ ಹೇಳುವವರು ಜಾಸ್ತಿ, ಸುಮ್ನೆ ಸುಲಭ ಅಂತ. ಮೇಷ್ಟ್ರು ಜಾಣರಾಗಿದ್ದರೆ ಸ್ವಲ್ಪ ಆಚೆ ನೋಡು ಅನ್ನುತ್ತಾರೆ. ಆಗ ಕ್ಲಾರಾ ಲೆಮ್ಲಿಕ್ ಸಿಗುತ್ತಾಳೆ. 1909ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕೂಪರ್ ಯೂನಿಯನ್ ಸಭೆಯಲ್ಲಿ ನಾಯಕರ ಭಾಷಣ ಕೇಳಿ ಕೇಳಿ ಬೇಸತ್ತು, ವೇದಿಕೆ ಹತ್ತಿ, ಯಿಡ್ಡಿಷ್‌ನಲ್ಲಿ ಮುಷ್ಕರಕ್ಕೆ ಕರೆ ಕೊಟ್ಟ ಹುಡುಗಿ. ಆಮೇಲೆ ಸಾವಿರಾರು ಹೊಲಿಗೆ ಕೆಲಸದ ಹೆಣ್ಣುಮಕ್ಕಳು ಬೀದಿಗಿಳಿದರು. ಇಲ್ಲವೇ ಯಾನುಷ್ ಕೊರ್ಚಾಕ್ ಸಿಗುತ್ತಾರೆ. ವಾರ್ಸಾದ ಅನಾಥಾಲಯ ನಡೆಸುತ್ತಿದ್ದ ಡಾಕ್ಟರು. 1942ರಲ್ಲಿ ತನ್ನ ಮಕ್ಕಳನ್ನು ನಾಜಿಗಳು ಟ್ರೆಬ್ಲಿಂಕಾ ಕೊಲೆ ಶಿಬಿರಕ್ಕೆ ಸಾಗಿಸಿದಾಗ ಬಿಟ್ಟು ಹೋಗದೆ ಜೊತೆಯಲ್ಲೇ ಹೋದವರು.

ಆದರೆ ನನ್ನ ಪ್ರಕಾರ ಇದೆಲ್ಲಕ್ಕಿಂತ ಬೆಲೆಬಾಳುವುದು ಕುಟುಂಬದ ಚರಿತ್ರೆಯ ಕೆಲಸ. ಮಗು ಅಜ್ಜ, ಅಜ್ಜಿ, ದೊಡ್ಡಜ್ಜಿ, ದೂರದ ಚಿಕ್ಕಪ್ಪ, ಯಾರು ಸಿಗುತ್ತಾರೋ ಅವರನ್ನೆಲ್ಲಾ ಕೂರಿಸಿಕೊಂಡು ಪ್ರಶ್ನೆ ಕೇಳಬೇಕು. ಯಾವ ಊರಿಂದ ಬಂದಿರಿ, ಯಾಕೆ ಬಿಟ್ಟಿರಿ, ಹೆಸರು ಯಾವಾಗ ಬದಲಾಯಿತು, ಯಾರ ಜೊತೆ ಮಾತು ಬಿಟ್ಟಿರಿ. ಮಗ ಕೇಳಿದರೆ ಹೇಳದ ವಿಷಯವನ್ನು ಮೊಮ್ಮಗಳು ಫೋನಿನಲ್ಲಿ ರೆಕಾರ್ಡ್ ಮಾಡುತ್ತಾ ಕೇಳಿದರೆ ಹೇಳಿಬಿಡುತ್ತಾರೆ. ಮನೆಯಲ್ಲಿ ಯಾರೂ ಎತ್ತದ ಸಂಗತಿಗಳು ಹೊರಬರುತ್ತವೆ, ಒಮ್ಮೊಮ್ಮೆ ಜಗಳವೂ ಆಗುತ್ತದೆ.

ಸಮಾಜಸೇವೆಯ ಭಾಗವೂ ಇರುತ್ತದೆ. ಅದು ಎಲ್ಲಾ ಕಡೆ ಇದ್ದದ್ದೇ, ಕೆಲವರು ಮನಸ್ಸಿಟ್ಟು ಮಾಡುತ್ತಾರೆ, ಕೆಲವರು ಗಂಟೆ ಲೆಕ್ಕ ಹಾಕಿ ಮುಗಿಸುತ್ತಾರೆ.

ಹೀಬ್ರೂ ಕಲಿಯಲೇಬೇಕಾ? ತೋರಾ ಓದುವುದೇ ಇಲ್ವಾ?

ಅಕ್ಷರ, ಹಾಡು, ಹಬ್ಬದ ಮಾತು, ಇಷ್ಟು ಹೀಬ್ರೂ ಬಹಳ ಕಡೆ ಇದೆ. ಶುಲೆಗಳಲ್ಲಿ ಹೀಬ್ರೂಗಿಂತ ಯಿಡ್ಡಿಷ್ ಕಡೆ ಒಲವು. ತೋರಾವನ್ನು ಹಳೆಯ ಸಾಹಿತ್ಯವಾಗಿ ಓದುತ್ತಾರೆ, ಬೇಕೆಂದರೆ ಮಗು ಅದರ ಒಂದು ಭಾಗ ಆರಿಸಿಕೊಂಡು ‘ಇದನ್ನು ನಾನು ಒಪ್ಪುವುದಿಲ್ಲ’ ಅಂತಲೂ ಹೇಳಬಹುದು.

ಇಲ್ಲಿ ಒಂದು ಕೊರತೆ ಇದೆ, ಮುಚ್ಚಿಡುವುದು ಬೇಡ. ಈ ಪಾಠ ಮುಗಿಸಿದ ಮಗು ಮುಂದೆ ಯಾವತ್ತಾದರೂ ಮಾಮೂಲಿ ಸಿನಗಾಗ್‌ಗೆ ಹೋಗಿ ಕೂತರೆ ಅರ್ಧ ತಾಸಿನಲ್ಲಿ ಕಳೆದುಹೋಗುತ್ತದೆ. ಯಾವ ಪುಟ, ಯಾವಾಗ ಏಳಬೇಕು, ಏನೂ ಗೊತ್ತಿರುವುದಿಲ್ಲ. ಯಿಡ್ಡಿಷ್ ಕಥೆಯೂ ಅಷ್ಟೇ. ಹೋಲೊಕಾಸ್ಟ್‌ನಲ್ಲಿ (ನಾಜಿಗಳು ನಡೆಸಿದ ಯಹೂದಿಗಳ ನರಮೇಧ) ಕೊಲೆಯಾದ 60 ಲಕ್ಷ ಯಹೂದಿಗಳಲ್ಲಿ ಹೆಚ್ಚಿನವರ ಮನೆಮಾತು ಯಿಡ್ಡಿಷ್. ಉಳಿದವರ ಮಕ್ಕಳು ಇಂಗ್ಲಿಷಿಗೆ ಹೊರಳಿದರು. ಹಾಗಾಗಿ ಇವತ್ತಿನ ಶುಲೆಯಲ್ಲಿ ಯಿಡ್ಡಿಷ್ ಅಂದರೆ ಬಹಳ ಸಲ ಹತ್ತಾರು ಹಾಡು, ನೂರಿನ್ನೂರು ಪದ, ಅಷ್ಟೇ. ಅಮೆರಿಕದಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಒದ್ದಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೋಲೊಕಾಸ್ಟ್ ಬಗ್ಗೆ ಇಷ್ಟು ಚಿಕ್ಕ ಮಕ್ಕಳಿಗೆ ಹೇಗೆ ಹೇಳುತ್ತಾರೆ?

ವಯಸ್ಸು ನೋಡಿಕೊಂಡು, ನಿಧಾನವಾಗಿ. ಚಿಕ್ಕವರಿಗೆ ಬಚ್ಚಿಟ್ಟು ಕಾಪಾಡಿದವರ ಕಥೆ. ಪೂರ್ತಿ ವಿಷಯ 12, 13ಕ್ಕೆ. ಸೆಕ್ಯುಲರ್ ಶುಲೆಗಳು 1943ರ ಏಪ್ರಿಲ್ 19ಕ್ಕೆ ಶುರುವಾದ ವಾರ್ಸಾ ಘೆಟ್ಟೋ (ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ ಕೇರಿ) ದಂಗೆಗೆ ಮೊದಲಿನಿಂದಲೂ ದೊಡ್ಡ ಜಾಗ ಕೊಟ್ಟಿವೆ, ಅದರಲ್ಲಿ ಬುಂಡ್‌ನವರೂ ಹೋರಾಡಿದ್ದರು. ಸುಮ್ಮನೆ ಸತ್ತವರು ಅನ್ನುವ ಚಿತ್ರವೊಂದೇ ಮಗುವಿನ ತಲೆಯಲ್ಲಿ ಕೂರಬಾರದು ಅಂತ. ಒಳ್ಳೆಯ ಮೇಷ್ಟ್ರು ಇನ್ನೊಂದು ಎಚ್ಚರ ವಹಿಸುತ್ತಾರೆ, ಇಡೀ ಯಹೂದಿ ಚರಿತ್ರೆ ಬರೀ ಗೋಳಿನ ಕಥೆಯಾಗದ ಹಾಗೆ.

ಸಮಾರಂಭದ ದಿನ ಏನಾಗುತ್ತದೆ?

ಹಾಡಿನಿಂದ ಶುರು. ಮಗು ತನ್ನ ಪ್ರಾಜೆಕ್ಟ್ ಹೇಳುತ್ತದೆ, ಹತ್ತು ಹದಿನೈದು ನಿಮಿಷವೋ ಇನ್ನೂ ಸ್ವಲ್ಪ ಜಾಸ್ತಿಯೋ. ಅಪ್ಪ ಅಮ್ಮ ಮಾತಾಡುತ್ತಾರೆ, ಯಾರಾದರೂ ಅಳುತ್ತಾರೆ. ಅಜ್ಜ ಅಜ್ಜಿಯರನ್ನು ವೇದಿಕೆಗೆ ಕರೆಯುತ್ತಾರೆ. ಪ್ರಾರ್ಥನೆ ಇರುವುದಿಲ್ಲ, ಇದ್ದರೂ ಮನುಷ್ಯರ ಮೇಲಿನ ಭರವಸೆಯ ಮಾತುಗಳಾಗಿ ಬದಲಾಗಿರುತ್ತದೆ. ಕೆಲವು ಶುಲೆಗಳಲ್ಲಿ ಇಡೀ ಕ್ಲಾಸು ಒಟ್ಟಿಗೆ ಮಾಡುತ್ತದೆ. ನನಗೆ ಅದೇ ಇಷ್ಟ, ಒಂದೇ ಮಗುವಿನ ಮೇಲೆ ಎಲ್ಲಾ ಬೆಳಕು ಬೀಳುವುದಿಲ್ಲ. ಆಮೇಲೆ ಊಟ, ಹೋರಾ ಕುಣಿತ, ಕುರ್ಚಿಯಲ್ಲಿ ಕೂರಿಸಿ ಮಗುವನ್ನು ಮೇಲಕ್ಕೆತ್ತುವುದು. ಆ ಕುರ್ಚಿಯ ವಿಷಯದಲ್ಲಿ ಆಸ್ತಿಕ, ನಾಸ್ತಿಕ ಭೇದವಿಲ್ಲ.

ಹುಡುಗಿಯರಿಗೂ ಇದೇ ಪಾಠವಾ?

ಹೌದು, ಅದೇ ವಯಸ್ಸು, ಅದೇ ಕೆಲಸ. ಧಾರ್ಮಿಕ ಕಡೆಯಲ್ಲಿ ಇದು ಬರಲು ಬಹಳ ಕಾಲ ಹಿಡಿಯಿತು. ಅಮೆರಿಕದ ಮೊದಲ ಬ್ಯಾಟ್ ಮಿಟ್ಸ್ವಾ ಅಂತ ಎಲ್ಲರೂ ಹೇಳುವುದು 1922ರ ಮಾರ್ಚ್ 18ರಂದು ನ್ಯೂಯಾರ್ಕಿನಲ್ಲಿ ನಡೆದ 12 ವರ್ಷದ ಜುಡಿತ್ ಕಪ್ಲಾನ್ ಅವರದನ್ನು. ಅವರ ಅಪ್ಪ ಮೊರ್ಡೆಕೈ ಕಪ್ಲಾನ್ ರಬ್ಬಿ. ಯಹೂದಿತನ ಬರೀ ಧರ್ಮವಲ್ಲ, ಒಂದು ನಾಗರಿಕತೆ ಅಂತ ವಾದಿಸಿದವರು. ಅವರು ನಾಸ್ತಿಕರಲ್ಲ, ಆದರೆ ಸೆಕ್ಯುಲರ್ ಕಡೆಯವರು ಅವರ ಆ ವಾದವನ್ನು ಚೆನ್ನಾಗಿ ಬಳಸಿಕೊಂಡರು. ಅವತ್ತು ಜುಡಿತ್‌ಗೆ ತೋರಾ ಸುರುಳಿಯಿಂದ ಓದಲು ಕೊಡಲಿಲ್ಲ, ಅಚ್ಚಾದ ಪುಸ್ತಕ ನೋಡಿ ಓದಿದರು. 70 ವರ್ಷದ ನಂತರ 1992ರಲ್ಲಿ ಮತ್ತೊಮ್ಮೆ ಮಾಡಿಕೊಂಡರು. ಈಗ ಗಂಡು ಹೆಣ್ಣು ಅನ್ನುವ ಭೇದವೇ ಬೇಡ ಅಂತ ಬಹಳ ಕಡೆ ‘ಬಿ ಮಿಟ್ಸ್ವಾ’ ಅನ್ನುತ್ತಾರೆ, ಕರೆಯೋಲೆಯಲ್ಲಿ ಹಾಗಿದ್ದರೆ ಗಾಬರಿಯಾಗಬೇಡಿ.

ಅಪ್ಪ ಅಮ್ಮನಲ್ಲಿ ಒಬ್ಬರು ಮಾತ್ರ ಯಹೂದಿ ಆದರೆ?

ಇಂಥ ಶಾಲೆಗಳು ತುಂಬಿರುವುದೇ ಅಂಥ ಮಕ್ಕಳಿಂದ. ಅದೇ ಪ್ಯೂ ಸಮೀಕ್ಷೆ ಪ್ರಕಾರ 2010ರ ನಂತರ ಮದುವೆಯಾದ ಅಮೆರಿಕದ ಯಹೂದಿಗಳಲ್ಲಿ ಶೇ. 61 ಜನರ ಸಂಗಾತಿ ಯಹೂದಿಯಲ್ಲ. ಸಾಂಪ್ರದಾಯಿಕ ನಿಯಮದಲ್ಲಿ ಅಮ್ಮ ಯಹೂದಿಯಾಗಿದ್ದರೆ ಮಾತ್ರ ಮಗು ಯಹೂದಿ. ಇಲ್ಲಿ ಆ ಪ್ರಶ್ನೆಯೇ ಕೇಳುವುದಿಲ್ಲ. ಮಗು ಮತ್ತು ಮನೆಯವರು ಆ ಚರಿತ್ರೆಯನ್ನು ತಮ್ಮದು ಅಂದುಕೊಂಡರೆ ಸಾಕು.

ನಮ್ಮವರಿಗೆ ಇದು ನೇರವಾಗಿ ತಟ್ಟುವ ವಿಷಯ, ಯಾಕೆಂದರೆ ಯಹೂದಿ ಸೊಸೆ, ಅಳಿಯ ಇರುವ ಕನ್ನಡದ ಮನೆಗಳು ಈಗ ಅಲ್ಲಲ್ಲಿ ಇವೆ. ಅಂಥ ಮನೆಯ ಮಗು ಕುಟುಂಬದ ಚರಿತ್ರೆ ಬರೆಯುವಾಗ ಎರಡೂ ಕಡೆ ಬರೆಯಬಹುದು. ಒಂದು ಪುಟದಲ್ಲಿ ಬೆಲಾರಸ್‌ನ ಹಳ್ಳಿ, ಮುಂದಿನ ಪುಟದಲ್ಲಿ ತಿಪಟೂರು. ಹಾಸನದ ಅಜ್ಜಿ ವೇದಿಕೆ ಮೇಲೆ ನಿಂತು ಕನ್ನಡದಲ್ಲಿ ಹರಸಿದರೆ ಯಾರೂ ಬೇಡ ಅನ್ನುವುದಿಲ್ಲ, ಖುಷಿಪಡುತ್ತಾರೆ.

ಇದು ನಮ್ಮ ಉಪನಯನದ ಹಾಗೇ ಅಲ್ವಾ?

ವಯಸ್ಸು, ನೆಂಟರು, ಊಟ ನೋಡಿದರೆ ಹಾಗನ್ನಿಸುತ್ತದೆ. ಆದರೆ ಉಪನಯನದಲ್ಲಿ ವಟುವಿಗೆ ಮಂತ್ರದ ಉಪದೇಶವಾಗುತ್ತದೆ, ಅವನು ಕೇಳಿಸಿಕೊಳ್ಳುವವನು. ಇಲ್ಲಿ ಮಗು ಮಾತಾಡುತ್ತದೆ, ದೊಡ್ಡವರು ಕೇಳಿಸಿಕೊಳ್ಳುತ್ತಾರೆ. ಜಾತಿಯ ಪ್ರಶ್ನೆಯೂ ಇಲ್ಲ. ಹತ್ತಿರದ್ದು ಬೇಕೆಂದರೆ ನಾರ್ವೆಗೆ ಹೋಗಬೇಕು. ಅಲ್ಲಿ ಹದಿಹರೆಯದವರು ತಮ್ಮ ನಂಬಿಕೆಯನ್ನು ದೃಢಪಡಿಸುವ ಚರ್ಚಿನ ಕನ್‌ಫರ್ಮೇಶನ್ ಬದಲು 1951ರಿಂದ ಮಾನವತಾವಾದಿಗಳ ಕನ್‌ಫರ್ಮೇಶನ್ ಇದೆ, ಅದಕ್ಕೂ ಮೊದಲು ಪಾಠ, ಆಮೇಲೆ ಸಮಾರಂಭ.

ಇಸ್ರೇಲಿನಲ್ಲಿ ಹೇಗೆ?

ಅಲ್ಲಿ ಯಹೂದಿ ವಯಸ್ಕರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ತಮ್ಮನ್ನು ಸೆಕ್ಯುಲರ್ ಅಂತ ಕರೆದುಕೊಳ್ಳುತ್ತಾರೆ, ಆದರೂ ಬಾರ್ ಮಿಟ್ಸ್ವಾಗೆ ಎಷ್ಟೋ ಜನ ಸಿನಗಾಗ್‌ಗೋ ಜೆರುಸಲೇಮಿನ ಪಶ್ಚಿಮ ಗೋಡೆಗೋ ಹೋಗುತ್ತಾರೆ. ಬೇರೆ ದಾರಿ ಮಾಡಿಕೊಂಡವರು ಕಿಬುಟ್ಸ್ ಅನ್ನುವ ಸಾಮೂಹಿಕ ಕೃಷಿ ಹಳ್ಳಿ‌ನವರು. ಅಲ್ಲಿ ಆ ವಯಸ್ಸಿನ ಮಕ್ಕಳೆಲ್ಲಾ ಸೇರಿ ಇಡೀ ವರ್ಷ 13 ಕೆಲಸಗಳನ್ನು ಮಾಡಿ ಮುಗಿಸುವ ಪದ್ಧತಿ ಬೆಳೆಯಿತು. ಹೊಲದಲ್ಲಿ ದುಡಿಮೆ, ರಾತ್ರಿ ಕಾವಲು, ಮುದುಕರಿಗೆ ನೆರವು, ಇಂಥವು. ಶಾಲೆಗಳಲ್ಲಿ ಏಳನೇ ಕ್ಲಾಸಿನ ‘ಬೇರುಗಳು’ ಪ್ರಾಜೆಕ್ಟ್ ಕೂಡ ಇದೇ ವಯಸ್ಸಿಗೆ ಬರುತ್ತದೆ, ಅದೂ ಕುಟುಂಬದ ಚರಿತ್ರೆಯೇ.

ಸಂಪ್ರದಾಯಸ್ಥರು ಇದನ್ನು ಒಪ್ಪುತ್ತಾರಾ?

ಇಲ್ಲ. ಕಟ್ಟಳೆಯನ್ನೇ ಬಿಟ್ಟ ಮೇಲೆ ಕಟ್ಟಳೆಗೆ ಹೊಣೆಯಾಗುವ ಸಮಾರಂಭ ಯಾಕೆ ಅಂತ ಅವರ ವಾದ. ಅದರಲ್ಲಿ ತೂಕ ಇಲ್ಲ ಅನ್ನಲಾರೆ. ಆದರೆ ಮಗು ವರ್ಷಗಟ್ಟಲೆ ಓದಿ ಬರೆದದ್ದನ್ನು ನೋಡಿದ ಮೇಲೆ ನನಗೆ ಆ ವಾದ ಅಷ್ಟು ದೊಡ್ಡದಾಗಿ ಕಾಣಿಸುವುದಿಲ್ಲ.

ಮಗುವೇ ಬೇಡ ಅಂದರೆ?

ಬಿಟ್ಟುಬಿಡುತ್ತಾರೆ, ಬಿಡಬೇಕು ಕೂಡ. ಮುಂದೆ 16ಕ್ಕೋ 40ಕ್ಕೋ ಮಾಡಿಕೊಂಡವರೂ ಇದ್ದಾರೆ. 83ಕ್ಕೆ ಎರಡನೇ ಸಲ ಮಾಡಿಕೊಳ್ಳುವ ರೂಢಿಯೂ ಯಹೂದಿಗಳಲ್ಲಿದೆ, ಮನುಷ್ಯನ ಆಯಸ್ಸು 70, ಅದಾದ ಮೇಲೆ ಹೊಸ 13 ಅನ್ನುವ ಲೆಕ್ಕ.

ಖರ್ಚು?

ಶಾಲೆಯ ಫೀಸ್ ಸಾಮಾನ್ಯವಾಗಿ ಸಿನಗಾಗ್ ಸದಸ್ಯತ್ವ ಮತ್ತು ಟ್ಯೂಷನ್ ಎರಡೂ ಸೇರಿದ್ದಕ್ಕಿಂತ ಕಡಿಮೆ. ಆದಾಯ ನೋಡಿ ಇಳಿಸುವುದೂ ಇದೆ. ದುಡ್ಡು ಕರಗುವುದು ಪಾರ್ಟಿಯಲ್ಲಿ. ಸೆಕ್ಯುಲರ್ ಅಂದ ಮಾತ್ರಕ್ಕೆ ಪಾರ್ಟಿ ಸರಳ ಇರುತ್ತದೆ ಅಂದುಕೊಳ್ಳಬೇಡಿ.

ನಮ್ಮನ್ನು ಕರೆದಿದ್ದಾರೆ. ಏನು ಹಾಕಿಕೊಳ್ಳಬೇಕು, ಏನು ಕೊಡಬೇಕು?

ಮದುವೆ ರಿಸೆಪ್ಷನ್‌ಗೆ ಹೋಗುವಷ್ಟು ಚೆನ್ನಾಗಿ ಹಾಕಿಕೊಂಡರೆ ಸಾಕು, ಸೀರೆ ಉಟ್ಟರೂ ಚೆನ್ನ. ದುಡ್ಡು ಕೊಡುವುದಾದರೆ 18ರ ಲೆಕ್ಕದಲ್ಲಿ ಕೊಡಿ, 36 ಡಾಲರ್, 54, 72, ಹೀಗೆ. ಹೀಬ್ರೂ ಅಕ್ಷರಗಳ ಲೆಕ್ಕದಲ್ಲಿ 18 ಅಂದರೆ ಬದುಕು, ಅದಕ್ಕೇ ಅದು ಶುಭ. ನಾವು 101, 501 ಕೊಡುವ ಅಭ್ಯಾಸದವರು, ಇದನ್ನು ಅರ್ಥ ಮಾಡಿಕೊಳ್ಳಲು ಕಷ್ಟವಿಲ್ಲ. ‘ಮಝಲ್ ತೋವ್’ ಅನ್ನಿ, ಅದು ಅಭಿನಂದನೆಯ ಮಾತು. ಊಟ ಕೋಶರ್ (ಯಹೂದಿ ಧರ್ಮದ ಆಹಾರದ ಕಟ್ಟಳೆಗೆ ಒಪ್ಪುವಂಥದ್ದು) ಇರಲೇಬೇಕು ಅಂತಿಲ್ಲ. ಸಸ್ಯಾಹಾರಿಗಳು ಮೊದಲೇ ಒಂದು ಮಾತು ತಿಳಿಸಿ. ಸಮಾರಂಭಕ್ಕೆ ತಡವಾಗಿ ಹೋಗಿ ಊಟಕ್ಕೆ ಮಾತ್ರ ಸೇರಿಕೊಳ್ಳುವ ನಮ್ಮ ಅಭ್ಯಾಸವನ್ನು ಅವತ್ತೊಂದು ದಿನ ಬಿಡಿ, ಆ ಮಗು ಒಂದು ವರ್ಷ ಬರೆದದ್ದನ್ನು ಓದುವುದು ಮೊದಲ ಅರ್ಧ ಗಂಟೆಯಲ್ಲೇ.